‘ಜಾನೇ ಭೀ ದೋ ಯಾರೋ’ ಈಗಲೂ ನಗಿಸುತ್ತದೆಯೇ? ಒಂದೇ ಎನಿಸುವ ಮೂರು ಪ್ರಶ್ನೆಗಳು

2025ರ ಅಕ್ಟೋಬರ್ 25ರಂದು ನಟ ಸತೀಶ್ ಶಾ ತೀರಿಕೊಂಡಾಗ, ಅವರನ್ನು ನೆನೆದವರೆಲ್ಲರ ಮಾತು ಕೊನೆಗೆ ಒಂದು ಹೆಣದ ಪಾತ್ರಕ್ಕೆ ಬಂದು ನಿಲ್ಲುತ್ತಿತ್ತು. ಕುಂದನ್ ಶಾ ನಿರ್ದೇಶಿಸಿದ 1983ರ ಹಿಂದಿ ಚಿತ್ರ ‘ಜಾನೇ ಭೀ ದೋ ಯಾರೋ’ದಲ್ಲಿ ಅವರು ಮುಂಬಯಿಯ ಮಹಾನಗರಪಾಲಿಕೆ ಆಯುಕ್ತ ಡಿಮೆಲ್ಲೋ. ಬದುಕಿದ್ದಾಗ ಲಂಚ ತಿನ್ನುವ ಈ ಆಯುಕ್ತರು ಸತ್ತ ಮೇಲೆ ಶವಪೆಟ್ಟಿಗೆಯಿಂದ ರಸ್ತೆಗೆ, ರಸ್ತೆಯಿಂದ ನಾಟಕದ ರಂಗಕ್ಕೆ ತಿರುಗುತ್ತಾ ಪ್ರೇಕ್ಷಕರನ್ನು ನಗಿಸುತ್ತಾರೆ. ಸಾವಿನ ಸುದ್ದಿಯ ಬೆನ್ನಿಗೇ ಆ ದೃಶ್ಯದ ತುಣುಕುಗಳು ಮತ್ತೆ ಮೊಬೈಲುಗಳಲ್ಲಿ ಹರಿದಾಡಿದವು, ಹಳೆಯ ವಾದವೂ ಮರಳಿತು. ‘ಇದಕ್ಕೆ ಸಮನಾದ ನಗೆಚಿತ್ರ ಮತ್ತೆ ಬಂದಿಲ್ಲ’ ಎನ್ನುವವರು ಒಂದು ಕಡೆ, ‘ಇಷ್ಟು ಹೊಗಳುವಂಥದ್ದು ಇದರಲ್ಲಿ ಏನಿದೆ’ ಎನ್ನುವವರು ಇನ್ನೊಂದು ಕಡೆ, ‘ಇದನ್ನು ಇವತ್ತು ತೆಗೆಯಲು ಯಾರು ಬಿಡುತ್ತಾರೆ’ ಎಂದು ಕೇಳುವವರು ಮತ್ತೊಂದು ಕಡೆ.

ಮೂವರೂ ಒಂದೇ ವಿಷಯಕ್ಕೆ ಜಗಳವಾಡುತ್ತಿರುವಂತೆ ಕಂಡರೂ ಮೂವರ ಪ್ರಶ್ನೆಯೂ ಬೇರೆ ಬೇರೆ. ಚಿತ್ರದ ಹಾಸ್ಯ ಇಂದಿನ ನೋಡುಗನನ್ನು ನಗಿಸುತ್ತದೆಯೇ ಎಂಬುದು ಒಂದು. ಚಿತ್ರ ಹೇಳಿದ ಮಾತು ಇಂದಿಗೂ ನಿಜವೇ ಎಂಬುದು ಎರಡನೆಯದು. ಅಂಥ ಚಿತ್ರ ಮತ್ತೆ ಹುಟ್ಟಬಲ್ಲದೇ ಎಂಬುದು ಮೂರನೆಯದು. ಒಂದರ ಉತ್ತರವನ್ನು ಇನ್ನೊಂದಕ್ಕೆ ಒಪ್ಪಿಸುವುದರಿಂದಲೇ ಗೊಂದಲ ಹುಟ್ಟುತ್ತಿದೆ.

ಚಿತ್ರ ಹುಟ್ಟಿದ ಕಾಲ

ಕಥೆ ಚಿಕ್ಕದು. ವಿನೋದ್ ಮತ್ತು ಸುಧೀರ್ ಎಂಬ ಇಬ್ಬರು ಬಡ ಛಾಯಾಗ್ರಾಹಕರು, ನಸೀರುದ್ದೀನ್ ಶಾ ಮತ್ತು ರವಿ ಬಾಸ್ವಾನಿ, ಮುಂಬಯಿಯಲ್ಲಿ ಒಂದು ಸ್ಟುಡಿಯೊ ತೆರೆಯುತ್ತಾರೆ. ಗಿರಾಕಿಗಳಿಲ್ಲ. ‘ಖಬರ್‌ದಾರ್’ ಎಂಬ ಪತ್ರಿಕೆಯ ಸಂಪಾದಕಿ ಶೋಭಾ ಅವರಿಗೆ ಕೆಲಸ ಕೊಡುತ್ತಾಳೆ. ಬಿಲ್ಡರ್ ತರ್ನೇಜಾ ಮತ್ತು ಆಯುಕ್ತ ಡಿಮೆಲ್ಲೋ ನಡುವಿನ ವ್ಯವಹಾರಕ್ಕೆ ಚಿತ್ರಸಾಕ್ಷ್ಯ ತರಬೇಕು. ಒಂದು ದಿನ ಉದ್ಯಾನವೊಂದರಲ್ಲಿ ತೆಗೆದ ಫೋಟೋದ ಹಿನ್ನೆಲೆಯಲ್ಲಿ ಕೊಲೆಯೊಂದು ಸಿಕ್ಕಿಬೀಳುತ್ತದೆ. ಸತ್ತವನು ಆಯುಕ್ತ, ಕೊಂದವನು ಬಿಲ್ಡರ್. ಅಲ್ಲಿಂದ ಮುಂದೆ ಎಲ್ಲರೂ ಹೆಣದ ಹಿಂದೆ ಬೀಳುತ್ತಾರೆ. ಕೊನೆಯಲ್ಲಿ ಬಿಲ್ಡರುಗಳು, ಹೊಸ ಅಧಿಕಾರಿ, ಸಂಪಾದಕಿ ಎಲ್ಲರೂ ತಮ್ಮತಮ್ಮಲ್ಲೇ ರಾಜಿಯಾಗಿ, ಕುಸಿದ ಮೇಲ್ಸೇತುವೆಯ ಹೊಣೆಯನ್ನು ಸತ್ಯ ಹೇಳಲು ಹೊರಟ ಆ ಇಬ್ಬರ ತಲೆಗೇ ಕಟ್ಟುತ್ತಾರೆ.

ಈ ಕಥೆ ಗಾಳಿಯಲ್ಲಿ ಹುಟ್ಟಿದ್ದಲ್ಲ. ಸಿಮೆಂಟು ಸರ್ಕಾರಿ ನಿಯಂತ್ರಣದಲ್ಲಿದ್ದ ಕಾಲ ಅದು. ಕೋಟಾ ಸಿಕ್ಕವನಿಗೆ ಕಟ್ಟಡ ಮೇಲೇಳುತ್ತಿತ್ತು, ಆದ್ದರಿಂದ ಕೋಟಾ ಕೊಡುವ ಕೈಗೆ ಬೆಲೆ ಬಂದಿತ್ತು. ಸಿಮೆಂಟು ಹಂಚಿಕೆಗೆ ಪ್ರತಿಯಾಗಿ ಟ್ರಸ್ಟ್‌ಗಳಿಗೆ ದೇಣಿಗೆ ಪಡೆದರೆಂಬ ಪ್ರಕರಣದಲ್ಲಿ ಬಾಂಬೆ ಹೈಕೋರ್ಟ್ ವಿರುದ್ಧ ತೀರ್ಪು ಕೊಟ್ಟ ಮೇಲೆ ಮಹಾರಾಷ್ಟ್ರದ ಮುಖ್ಯಮಂತ್ರಿ ಎ.ಆರ್. ಅಂತುಳೆ 1982ರ ಜನವರಿಯಲ್ಲಿ ಹುದ್ದೆ ಬಿಟ್ಟರು. ಆ ಮೊಕದ್ದಮೆ ಮುಂದೆ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಮರುವರ್ಷ ಈ ಚಿತ್ರ ಬಂದಾಗ ಬಿಲ್ಡರ್, ಅಧಿಕಾರಿ, ಸಿಮೆಂಟು ಎಂಬ ಮೂರು ಪದಗಳನ್ನು ಒಟ್ಟಿಗೆ ಕೇಳಿದರೆ ಸಾಕು, ಮುಂಬಯಿಯ ಪ್ರೇಕ್ಷಕನಿಗೆ ಉಳಿದ ಕಥೆ ತಾನೇ ತಿಳಿಯುತ್ತಿತ್ತು.

ಹಣ ಹೂಡಿದ್ದು ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮ, ಅಂದರೆ ಸರ್ಕಾರದ್ದೇ ಸಂಸ್ಥೆ. ಒಟ್ಟು ಖರ್ಚು 7 ಲಕ್ಷ ರೂಪಾಯಿಯ ಆಸುಪಾಸು. ಪುಣೆಯ ಚಲನಚಿತ್ರ ಸಂಸ್ಥೆಯಲ್ಲಿ ಕಲಿತು ಬಂದವರೂ ರಂಗಭೂಮಿಯಿಂದ ಬಂದವರೂ ಸೇರಿ ಅಲ್ಪ ಸಂಬಳಕ್ಕೆ ದುಡಿದರು. ಆಡಳಿತವನ್ನು ಇಷ್ಟು ಬಹಿರಂಗವಾಗಿ ಗೇಲಿ ಮಾಡಿದ ಚಿತ್ರಕ್ಕೆ ಸರ್ಕಾರಿ ಬೊಕ್ಕಸದ ದುಡ್ಡು ಸಿಕ್ಕಿತ್ತು. ಮೂರನೆಯ ಪ್ರಶ್ನೆಗೆ ಬಂದಾಗ ಈ ಸಂಗತಿ ಮತ್ತೆ ಬೇಕಾಗುತ್ತದೆ.

ಚಿತ್ರಮಂದಿರದಲ್ಲಿ ಸೋತು ಮನೆಯಲ್ಲಿ ಗೆದ್ದದ್ದು

ಬಿಡುಗಡೆಯಾದಾಗ ಚಿತ್ರ ದೊಡ್ಡ ಗೆಲುವು ಕಾಣಲಿಲ್ಲ. ಚೊಚ್ಚಲ ನಿರ್ದೇಶನಕ್ಕೆ ಕೊಡುವ ರಾಷ್ಟ್ರಪ್ರಶಸ್ತಿ ಕುಂದನ್ ಶಾಗೆ ಬಂತು, ಅಭಿಮಾನ ಬಂದದ್ದು ನಿಧಾನವಾಗಿ. ದೂರದರ್ಶನದ ಪ್ರಸಾರ ಮತ್ತು ವಿಡಿಯೊ ಕ್ಯಾಸೆಟ್‌ಗಳ ಮೂಲಕ ಚಿತ್ರ ಮನೆಮನೆ ಹೊಕ್ಕಿತು. ಇದೇ ಬಳಗದವರು ‘ನುಕ್ಕಡ್’ನಂಥ ಧಾರಾವಾಹಿಗಳಲ್ಲಿ ಪ್ರತಿವಾರ ಕಾಣಿಸಿಕೊಳ್ಳತೊಡಗಿದ ಮೇಲೆ ಹಳೆಯ ಚಿತ್ರದ ಮುಖಗಳು ಪರಿಚಿತರ ಮುಖಗಳಾದವು. ನಮ್ಮ ಮೈಸೂರಿನ ಆರ್.ಕೆ. ಲಕ್ಷ್ಮಣ್ ಅವರ ಸಾಮಾನ್ಯ ಮನುಷ್ಯನನ್ನು ‘ವಾಗ್ಲೆ ಕಿ ದುನಿಯಾ’ವಾಗಿ ಕಿರುತೆರೆಗೆ ತಂದವರೂ ಇದೇ ಕುಂದನ್ ಶಾ.

ಕಲ್ಟ್, ಅಂದರೆ ಅಭಿಮಾನಿಗಳು ಮತ್ತೆ ಮತ್ತೆ ನೋಡಿ ಆರಾಧಿಸುವಂಥವು, ಎನ್ನಿಸಿಕೊಳ್ಳುವ ಚಿತ್ರಗಳಿಗೆಲ್ಲ ಇಂಥದೊಂದು ದಾರಿ ಇರುತ್ತದೆ. ಚಿತ್ರಮಂದಿರದಲ್ಲಿ ಜನ ಒಂದು ಸಲ, ಮೊದಲಿನಿಂದ ಕೊನೆಯವರೆಗೆ ನೋಡುತ್ತಾರೆ. ಮನೆಯಲ್ಲಿ ಹತ್ತು ಸಲ, ಅರ್ಧರ್ಧ ನೋಡುತ್ತಾರೆ. ಹತ್ತು ಸಲ ನೋಡಿದಾಗ ನಗೆಗೆ ಕಾರಣ ಬದಲಾಗುತ್ತದೆ. ಮೊದಲ ಸಲ ಅನಿರೀಕ್ಷಿತವಾದದ್ದಕ್ಕೆ ನಗುತ್ತೇವೆ, ಹತ್ತನೆಯ ಸಲ ಮುಂದಿನ ಮಾತು ಗೊತ್ತಿರುವುದಕ್ಕೇ ನಗುತ್ತೇವೆ. ಇದು ಹಾಡಿನ ಪಲ್ಲವಿ ಮರಳಿ ಬಂದಾಗ ಆಗುವ ಸಂತೋಷದ ಜಾತಿಗೆ ಸೇರಿದ್ದು. ಹಳೆಯ ಅಭಿಮಾನಿಗೆ ಈ ಎರಡು ನಗೆಗಳ ನಡುವಿನ ವ್ಯತ್ಯಾಸ ತಿಳಿಯುವುದಿಲ್ಲ. ಮೊದಲ ಸಲ ನೋಡುವ ಇಪ್ಪತ್ತರ ಹರೆಯದವನ ಬಳಿ ಎರಡನೆಯ ನಗೆಯ ಬಂಡವಾಳ ಇರುವುದಿಲ್ಲ, ಅವನ ಪಾಲಿಗೆ ಚಿತ್ರ ಮೊದಲ ನಗೆಯಿಂದಲೇ ಗೆಲ್ಲಬೇಕು. ‘ಇಷ್ಟೇನಾ’ ಎಂದವನನ್ನು ರಸಹೀನ ಎಂದು ಬೈಯುವ ಮೊದಲು ಈ ಲೆಕ್ಕ ನೋಡುವುದು ನ್ಯಾಯ.

ಯಾವ ನಗೆ ಸವೆದಿದೆ

ಹಾಗೆ ಲೆಕ್ಕ ಹಾಕಿದರೆ ಚಿತ್ರದ ಕೆಲವು ಭಾಗ ಸವೆದಿರುವುದನ್ನು ಒಪ್ಪಲೇಬೇಕು. ಮೊದಲು ಸವೆಯುವುದು ಒಳಗಿನವರಿಗೆ ಮಾತ್ರ ಗೊತ್ತಾಗುವ ಹಾಸ್ಯ. ನಾಯಕರ ಹೆಸರುಗಳನ್ನು ನಿರ್ದೇಶಕರು ತಮ್ಮ ಬಳಗದ ವಿಧು ವಿನೋದ್ ಚೋಪ್ರಾ ಮತ್ತು ಸುಧೀರ್ ಮಿಶ್ರಾ ಅವರಿಂದ ತೆಗೆದುಕೊಂಡಿದ್ದಾರೆ. ಕೊಲೆ ನಡೆಯುವ ಉದ್ಯಾನದ ಹೆಸರು ಆಂಟೋನಿಯೋನಿ ಪಾರ್ಕ್. ಫೋಟೋದಲ್ಲಿ ಕೊಲೆ ಪತ್ತೆಯಾಗುವ ಕಥೆಯನ್ನು 1966ರಲ್ಲೇ ತೆಗೆದ ಇಟಲಿಯ ನಿರ್ದೇಶಕನಿಗೆ ಅದು ನಮಸ್ಕಾರ. ಗುಪ್ತ ಸಂಕೇತವಾಗಿ ಬಳಸುವ ವಾಕ್ಯ, ನಸೀರುದ್ದೀನ್ ಶಾ ಅವರೇ ಅಭಿನಯಿಸಿದ್ದ 1980ರ ಚಿತ್ರವೊಂದರ ಹೆಸರು. ಇವುಗಳಿಗೆ ನಗಲು ಅಡಿಟಿಪ್ಪಣಿ ಬೇಕು, ಅಡಿಟಿಪ್ಪಣಿ ಓದಿ ನಕ್ಕವರು ಕಡಿಮೆ.

ಎರಡನೆಯದಾಗಿ ವಸ್ತುಗಳೇ ಕಾಣೆಯಾಗಿವೆ. ಡಾರ್ಕ್‌ರೂಮಿನಲ್ಲಿ ಫೋಟೋವನ್ನು ದೊಡ್ಡದು ಮಾಡುತ್ತಾ ಹೋಗುವಾಗ ಹುಟ್ಟುವ ಕಾತರ, ಎರಡು ಬೆರಳು ಅಗಲಿಸಿ ಚಿತ್ರ ಹಿಗ್ಗಿಸುವ ಕೈಗಳಿಗೆ ಅಷ್ಟಾಗಿ ತಟ್ಟದು. ಆದರೆ ವಸ್ತು ಹೋದರೆ ಹಾಸ್ಯವೂ ಹೋಗುತ್ತದೆ ಎಂಬುದು ನಿಯಮವಲ್ಲ. ವಿನೋದ್ ಮತ್ತು ತರ್ನೇಜಾನ ಸಹಾಯಕ ಅಶೋಕ್ ಒಂದೇ ಕೋಣೆಯಲ್ಲಿ ಬೆನ್ನಿಗೆ ಬೆನ್ನು ತಾಗುವಷ್ಟು ಹತ್ತಿರ ನಿಂತು, ಪರಸ್ಪರ ಫೋನಿನಲ್ಲಿ ಮಾತನಾಡುವ ದೃಶ್ಯವನ್ನೇ ನೋಡಿ. ತಂತಿಯ ಫೋನು ಕಂಡರಿಯದ ಮಕ್ಕಳೂ ಅದಕ್ಕೆ ನಗುತ್ತಾರೆ, ಏಕೆಂದರೆ ನಗೆ ಇರುವುದು ರಿಸೀವರಿನಲ್ಲಿ ಅಲ್ಲ, ಪಕ್ಕದಲ್ಲೇ ಇರುವವನನ್ನು ದೂರದವನೆಂದು ನಂಬಿಕೊಂಡಿರುವುದರಲ್ಲಿ. ಅಶೋಕ್ ಪಾತ್ರ ವಹಿಸಿದ ಸತೀಶ್ ಕೌಶಿಕ್, ರಂಜಿತ್ ಕಪೂರ್ ಜೊತೆ ಸೇರಿ ಚಿತ್ರದ ಸಂಭಾಷಣೆಯನ್ನೂ ಬರೆದಿದ್ದರು.

ಮೂರನೆಯದು ಹದ ತಪ್ಪಿದ ಭಾಗಗಳು, ಇವು 1983ರಲ್ಲೂ ಹಾಗೇ ಇದ್ದವು. ನಡುವೆ ಕೆಲವು ಓಡಾಟಗಳು ಬೇಕಾದ್ದಕ್ಕಿಂತ ಉದ್ದವಾಗಿವೆ. ಕೆಲವು ದೃಶ್ಯಗಳಲ್ಲಿ ಹಣದ ಕೊರತೆ ಕಣ್ಣಿಗೆ ಹೊಡೆಯುತ್ತದೆ. ಹೆಂಗಸರ ಪಾತ್ರಗಳಲ್ಲಿ ಭಕ್ತಿ ಬರ್ವೆ ಅಭಿನಯಿಸಿದ ಸಂಪಾದಕಿಯೊಬ್ಬಳಿಗೆ ಮಾತ್ರ ತೂಕವಿದೆ. ಅವಳು ಮೋಸಗಾತಿಯಾಗಿರುವುದು ದೋಷವಲ್ಲ, ಗಂಡಸರಷ್ಟೇ ಚಾಣಾಕ್ಷ ಮೋಸಗಾತಿ ಆಕೆ. ಉಳಿದವರು ಬಂದು ಹೋಗುತ್ತಾರೆ, ಅಷ್ಟೆ.

ದ್ರೌಪದಿಯ ಸೀರೆಯಲ್ಲಿ ಆಯುಕ್ತರ ಹೆಣ

ಇಷ್ಟಾದರೂ ಚಿತ್ರದ ಹೆಸರು ಉಳಿದಿರುವುದು ಕಡೆಯ ಭಾಗದ ನಾಟಕ ದೃಶ್ಯದಿಂದ. ಹೆಣವನ್ನು ಹೊತ್ತು ಓಡುವವರು ಮಹಾಭಾರತದ ನಾಟಕ ನಡೆಯುತ್ತಿರುವ ರಂಗಮಂದಿರಕ್ಕೆ ನುಗ್ಗುತ್ತಾರೆ. ಆಯುಕ್ತರ ಹೆಣ ದ್ರೌಪದಿಯ ವೇಷದಲ್ಲಿ ರಂಗದ ಮೇಲೆ ನಿಲ್ಲುತ್ತದೆ. ಅದನ್ನು ಹಿಡಿಯಲು ಬಂದವರು ಸಿಕ್ಕ ಸಿಕ್ಕ ವೇಷ ತೊಟ್ಟು ಕೌರವರೋ ಪಾಂಡವರೋ ಆಗುತ್ತಾರೆ. ಸೀರೆ ಎಳೆದರೆ ಹೆಣದ ಗುಟ್ಟು ಹೊರಬೀಳುತ್ತದೆ, ಆದ್ದರಿಂದ ವಸ್ತ್ರಾಪಹರಣವೇ ಬೇಡವೆಂದು ಕೌರವರ ಕಡೆಯಿಂದಲೇ ಘೋಷಣೆ ಬರುತ್ತದೆ. ದ್ರೌಪದಿ ಒಬ್ಬನ ಸ್ವತ್ತಲ್ಲ, ನಾವೆಲ್ಲ ಷೇರುದಾರರು ಎಂದು ಓಂ ಪುರಿಯ ಕುಡುಕ ಬಿಲ್ಡರ್ ಅಬ್ಬರಿಸುತ್ತಾನೆ. ಕುರುಡ ಧೃತರಾಷ್ಟ್ರ ‘ಏನಾಗುತ್ತಿದೆ ಇಲ್ಲಿ’ ಎಂದು ಮತ್ತೆ ಮತ್ತೆ ಕೇಳುತ್ತಾನೆ, ಯಾರೂ ಉತ್ತರ ಕೊಡುವುದಿಲ್ಲ. ಕೊನೆಗೆ ಮೊಗಲರ ನಾಟಕದ ಅಕ್ಬರನೂ ಸಲೀಮನೂ ಹಸ್ತಿನಾವತಿಗೆ ಬಂದುಬಿಡುತ್ತಾರೆ.

ಹಾಸ್ಯರಸಕ್ಕೆ ಕಾರಣಗಳನ್ನು ಹೇಳುವಾಗ ನಾಟ್ಯಶಾಸ್ತ್ರ ವಿಕೃತ ವೇಷವನ್ನೂ ಅಸಂಬದ್ಧ ಪ್ರಲಾಪವನ್ನೂ ಹೆಸರಿಸುತ್ತದೆ. ಈ ದೃಶ್ಯದಲ್ಲಿ ಎರಡೂ ತುಂಬಿ ತುಳುಕುತ್ತವೆ, ಆದ್ದರಿಂದ ಭಾಷೆ ಬಾರದವರಿಗೂ ಅರ್ಧ ನಗೆ ದಕ್ಕುತ್ತದೆ. ಉಳಿದರ್ಧ ಇರುವುದು ಇನ್ನೊಂದು ಕಡೆ. ನಾಟಕದ ಮೂಲ ನಟರು ಎಷ್ಟೇ ಅನಾಹುತವಾದರೂ ಆಟ ನಿಲ್ಲಿಸುವುದಿಲ್ಲ. ಸಂಬಂಧವಿಲ್ಲದ ಮಾತಿಗೂ ಪೌರಾಣಿಕ ಗತ್ತಿನಲ್ಲೇ ಉತ್ತರ ಕೊಟ್ಟು ಹರಿದದ್ದಕ್ಕೆ ತೇಪೆ ಹಚ್ಚುತ್ತಾ ಹೋಗುತ್ತಾರೆ. ಕಂಪನಿ ನಾಟಕಗಳ ರಂಗಗೀತೆ, ಗದೆ, ಗಿಲೀಟು ಕಿರೀಟಗಳನ್ನು ಬಲ್ಲ ಕನ್ನಡದ ಪ್ರೇಕ್ಷಕನಿಗೆ, ರಾತ್ರಿಯಿಡೀ ಯಕ್ಷಗಾನ ನೋಡಿ ಪುರಾಣದ ನಡುವೆ ಹಾಸ್ಯಗಾರ ಊರ ಸುದ್ದಿ ತರುವುದನ್ನು ಕೇಳಿದವನಿಗೆ, ಈ ತೇಪೆಯ ಸೊಗಸು ವಿವರಿಸಬೇಕಿಲ್ಲ.

ಒಂದು ವಿಷಯವನ್ನು ಇಲ್ಲಿ ಮರೆಯುತ್ತೇವೆ. ಬಿ.ಆರ್. ಚೋಪ್ರಾ ಅವರ ‘ಮಹಾಭಾರತ’ ಧಾರಾವಾಹಿ ಆರಂಭವಾದದ್ದು 1988ರಲ್ಲಿ. ಈ ಚಿತ್ರ ಅದಕ್ಕಿಂತ ಐದು ವರ್ಷ ಹಿಂದಿನದು. 1983ರ ಪ್ರೇಕ್ಷಕನ ಕಣ್ಣಿನಲ್ಲಿ ಗೇಲಿಗೆ ಒಳಗಾದದ್ದು ಬಣ್ಣದ ಪರದೆಯ ನಾಟಕ ಕಂಪನಿ. ಧಾರಾವಾಹಿಯ ಭಕ್ತಿಯ ವಾತಾವರಣದಲ್ಲಿ ಬೆಳೆದ ಪ್ರೇಕ್ಷಕನಿಗೆ ಅದೇ ದೃಶ್ಯ ಮಹಾಭಾರತದ ಮೇಲಿನ ಗೇಲಿಯಾಗಿ ಕಾಣಬಹುದು. ದೃಶ್ಯದಲ್ಲಿ ಒಂದಕ್ಷರವೂ ಬದಲಾಗಿಲ್ಲ, ಬಾಣ ಯಾರ ಕಡೆಗೆ ಎಂಬ ಅಂದಾಜು ಬದಲಾಗಿದೆ. ಗಂಡಸಿಗೆ ಸೀರೆ ಉಡಿಸಿ ನಗಿಸುವ ಹಳೆಯ ಚಾಳಿಯನ್ನು ಆಕ್ಷೇಪಿಸುವವರೂ ಇದ್ದಾರೆ. ಆದರೆ ಇಲ್ಲಿ ಸೀರೆಯೊಳಗಿರುವುದು ಸತ್ತ ಮೇಲೂ ಎಲ್ಲರಿಗೂ ಬೇಕಾಗಿರುವ ಭ್ರಷ್ಟ ಅಧಿಕಾರಿ, ಅವನ ಸುತ್ತ ಕಿತ್ತಾಡುತ್ತಿರುವವರು ಅವನ ಪಾಲುದಾರರು. ಷೇರುದಾರರು ಎಂಬ ಪದ ಸುಮ್ಮನೆ ಬಂದಿಲ್ಲ. ನಗೆಯ ಗುರಿ ಹೆಣ್ಣೂ ಅಲ್ಲ, ದ್ರೌಪದಿಯೂ ಅಲ್ಲ.

ಬೀಳುತ್ತಲೇ ಇರುವ ಸೇತುವೆಗಳು

ಎರಡನೆಯ ಪ್ರಶ್ನೆಗೆ ಉತ್ತರ ಹೇಳಲು ಹೆಚ್ಚು ಯೋಚಿಸಬೇಕಿಲ್ಲ. 2016ರ ಮಾರ್ಚ್ 31ರಂದು ಕೋಲ್ಕತ್ತದಲ್ಲಿ ಕಟ್ಟುತ್ತಿದ್ದ ವಿವೇಕಾನಂದ ರಸ್ತೆಯ ಮೇಲ್ಸೇತುವೆ ಕುಸಿದು ಇಪ್ಪತ್ತಕ್ಕೂ ಹೆಚ್ಚು ಜನ ಸತ್ತಾಗ, ಗುತ್ತಿಗೆ ಹಿಡಿದ ಕಂಪನಿಯ ಅಧಿಕಾರಿಯೊಬ್ಬರು ಅದನ್ನು ದೈವೇಚ್ಛೆ ಎಂದು ಕರೆದದ್ದು ಪತ್ರಿಕೆಗಳಲ್ಲಿ ಬಂತು. ಚಿತ್ರಕಥೆಗಾರನಿಗೆ ಇಂಥ ಸಾಲು ಹೊಳೆದಿದ್ದರೆ ಅತಿಯಾಯಿತೆಂದು ಅಳಿಸಿಹಾಕುತ್ತಿದ್ದನೇನೋ. 2022ರ ಅಕ್ಟೋಬರ್ 30ರಂದು ಗುಜರಾತಿನ ಮೋರ್ಬಿಯಲ್ಲಿ, ದುರಸ್ತಿಯಾಗಿ ಕೆಲವೇ ದಿನಗಳ ಹಿಂದೆ ಮತ್ತೆ ತೆರೆದಿದ್ದ ತೂಗುಸೇತುವೆ ಹರಿದು 135 ಜನ ಸತ್ತರು. ಮೊದಲು ಬಂಧಿತರಾದ ಒಂಬತ್ತು ಮಂದಿಯಲ್ಲಿ ವ್ಯವಸ್ಥಾಪಕರ ಜೊತೆಗೆ ಟಿಕೆಟು ಹರಿದುಕೊಡುತ್ತಿದ್ದವರೂ ಕಾವಲುಗಾರರೂ ಇದ್ದರು. ನಿರ್ವಹಣೆಯ ಹೊಣೆ ಹೊತ್ತಿದ್ದ ಕಂಪನಿಯ ಮುಖ್ಯಸ್ಥರು ನ್ಯಾಯಾಲಯಕ್ಕೆ ಶರಣಾದದ್ದು ಮರುವರ್ಷದ ಜನವರಿಯಲ್ಲಿ. ಬಿದ್ದ ಸೇತುವೆಯ ಭಾರ ಮೊದಲು ಯಾರ ಹೆಗಲಿಗೆ ಬರುತ್ತದೆ ಎಂಬುದನ್ನು ವಿನೋದ್ ಮತ್ತು ಸುಧೀರ್ ನಲವತ್ತು ವರ್ಷ ಮುಂಚೆಯೇ ತೋರಿಸಿಕೊಟ್ಟಿದ್ದರು.

ಚಿತ್ರ ಇಂದಿಗೂ ಪ್ರಸ್ತುತ ಎಂದು ಹೊಗಳುವಾಗ ಸ್ವಲ್ಪ ಎಚ್ಚರ ಬೇಕು. ಪ್ರಸ್ತುತತೆ ಚಿತ್ರದ ಗುಣವಲ್ಲ, ನಮ್ಮ ಸ್ಥಿತಿ. ಲಂಚದ ಬಗ್ಗೆ ಬಂದ ಎಷ್ಟೋ ಚಿತ್ರಗಳು ವಿಷಯದಲ್ಲಿ ಇಷ್ಟೇ ಪ್ರಸ್ತುತವಾಗಿದ್ದರೂ ಈಗ ಯಾರೂ ನೋಡುವುದಿಲ್ಲ. ಅವುಗಳಲ್ಲಿ ಬಹುಪಾಲು ಚಿತ್ರಗಳಲ್ಲಿ ಒಬ್ಬ ಒಳ್ಳೆಯವನು ಕೆಟ್ಟವನನ್ನು ಹೊಡೆದು ವ್ಯವಸ್ಥೆಯನ್ನು ಸರಿಪಡಿಸುತ್ತಾನೆ, ಪ್ರೇಕ್ಷಕ ನಿರಾಳವಾಗಿ ಮನೆಗೆ ಹೋಗುತ್ತಾನೆ. ಇಲ್ಲಿ ಪತ್ರಿಕೆಯೂ ಸೇರಿದಂತೆ ಯಾವ ಸಂಸ್ಥೆಯೂ ನಂಬಿಕೆಗೆ ಉಳಿಯುವುದಿಲ್ಲ. ‘ಹಮ್ ಹೋಂಗೆ ಕಾಮ್‌ಯಾಬ್’ ಹಾಡು ಹಿನ್ನೆಲೆಯಲ್ಲಿ ಕೇಳುತ್ತಿರುವಾಗ ಕೈದಿಗಳ ಉಡುಪಿನಲ್ಲಿ ಮುಂಬಯಿಯ ಬೀದಿಯಲ್ಲಿ ನಡೆದು ಬರುವ ಇಬ್ಬರೂ ಕ್ಯಾಮೆರಾದತ್ತ ತಿರುಗಿ, ಕತ್ತು ಕೊಯ್ದಂತೆ ಕೈಸನ್ನೆ ಮಾಡುತ್ತಾರೆ. ಎರಡು ಗಂಟೆ ನಕ್ಕ ಪ್ರೇಕ್ಷಕ ತಾನು ಏನಕ್ಕೆ ನಗುತ್ತಿದ್ದೆ ಎಂದು ಆಗ ತಿರುಗಿ ನೋಡಬೇಕಾಗುತ್ತದೆ. ‘ಹೋಗಲಿ ಬಿಡ್ರೋ’ ಎಂಬ ಅರ್ಥದ ಚಿತ್ರದ ಹೆಸರು ಆ ಗಳಿಗೆಯಲ್ಲಿ ನಾಯಕರ ಮಾತಾಗಿ ಉಳಿಯುವುದಿಲ್ಲ. ಹಾಗೆನ್ನುತ್ತಾ ಬಂದವರು ನಾವೇ. ಚಿತ್ರವನ್ನು ಎತ್ತಿ ಹಿಡಿದಿರುವುದು ಈ ಕೊನೆ ಎಂಬುದು ಈ ಲೇಖನದ ನಿಲುವು. ನಾಟಕ ದೃಶ್ಯವೊಂದೇ ಆಗಿದ್ದರೆ ಅದು ಒಳ್ಳೆಯ ಪ್ರಹಸನವಾಗಿ ಉಳಿಯುತ್ತಿತ್ತು.

‘ಈಗ ಇಂಥದ್ದು ತೆಗೆಯಲಾಗದು’ ಎಂಬ ವಾದ

2015ರಲ್ಲಿ ಇತರ ಹಲವರೊಡನೆ ರಾಷ್ಟ್ರಪ್ರಶಸ್ತಿಯನ್ನು ಹಿಂದಿರುಗಿಸಿದಾಗ, ಇಂದಿನ ವಾತಾವರಣದಲ್ಲಿ ಈ ಚಿತ್ರ ಮಾಡಲು ಸಾಧ್ಯವಿಲ್ಲ ಎಂಬ ಅರ್ಥದ ಮಾತನ್ನು ಸ್ವತಃ ಕುಂದನ್ ಶಾ ಆಡಿದ್ದರು. ಎರಡು ವರ್ಷದ ಬಳಿಕ ಅವರೂ ತೀರಿಕೊಂಡರು. ಈ ಮಾತನ್ನು ಕಾನೂನು ಬಿಗಿಯಾಗಿದೆ ಎಂಬ ಅರ್ಥದಲ್ಲಿ ಹಿಡಿದರೆ ಅದು ಪೂರ್ತಿ ಸರಿಯಲ್ಲ. ಧಾರ್ಮಿಕ ಭಾವನೆಗೆ ಉದ್ದೇಶಪೂರ್ವಕವಾಗಿ ಧಕ್ಕೆ ತರುವುದನ್ನು ಅಪರಾಧವೆನ್ನುವ ಭಾರತೀಯ ದಂಡ ಸಂಹಿತೆಯ 295ಎ ಸೆಕ್ಷನ್ 1927ರಿಂದಲೂ ಇತ್ತು. ಈಗ ಅದು ಭಾರತೀಯ ನ್ಯಾಯ ಸಂಹಿತೆಯ 299ನೇ ಸೆಕ್ಷನ್ ಆಗಿದೆ. 1983ರಲ್ಲಿ ಸೆನ್ಸಾರ್ ಮಂಡಳಿ ಇತ್ತು, ಈಗಲೂ ಇದೆ. ಚಲನಚಿತ್ರ ಕಾಯ್ದೆಯ 2023ರ ತಿದ್ದುಪಡಿಯ ಮೂಲಕ, ಮಕ್ಕಳು ಹೆತ್ತವರ ಮಾರ್ಗದರ್ಶನದಲ್ಲಿ ನೋಡಬಹುದಾದ ಯು/ಎ ವರ್ಗವನ್ನು 7, 13 ಮತ್ತು 16 ವರ್ಷವೆಂದು ಮೂರಾಗಿ ಒಡೆದು, ಪ್ರಮಾಣಪತ್ರಕ್ಕೆ ಶಾಶ್ವತ ಮಾನ್ಯತೆ ಕೊಡಲಾಗಿದೆ. ಹಳೆಯ ಚಿತ್ರವನ್ನು ಇದ್ದ ಹಾಗೇ ಮತ್ತೆ ತೋರಿಸುವವರಿಗೆ ಇದರಿಂದ ಅನುಕೂಲವೇ.

ಬದಲಾಗಿರುವುದು ದೂರಿನ ವೇಗ ಮತ್ತು ಹಣದ ಅಂಜಿಕೆ. ಅಂದು ನೊಂದವನು ಪತ್ರಿಕೆಗೆ ಕಾಗದ ಬರೆಯುತ್ತಿದ್ದ. ಇಂದು ಒಂದು ತುಣುಕು ಮುಂದಿನ ದೃಶ್ಯದಿಂದ ಕಡಿದುಕೊಂಡು ಮಧ್ಯಾಹ್ನದೊಳಗೆ ಊರೂರು ಸುತ್ತುತ್ತದೆ, ಸಂಜೆಗೆ ಹಲವು ಠಾಣೆಗಳಲ್ಲಿ ದೂರು ದಾಖಲಾಗಬಹುದು. ನ್ಯಾಯಾಲಯದಲ್ಲಿ ಗೆಲ್ಲುವ ಪ್ರಕರಣವಾದರೂ ಗೆಲ್ಲುವವರೆಗಿನ ಓಡಾಟವೇ ಶಿಕ್ಷೆಯಾಗುತ್ತದೆ. ಕೋಟಿಗಟ್ಟಲೆ ಹೂಡಿದವರು ಅಂಥ ದೃಶ್ಯವನ್ನು ಸೆನ್ಸಾರಿನವರೆಗೂ ಕಳಿಸದೆ ಕಥೆಯ ಹಂತದಲ್ಲೇ ಕೈಬಿಡುತ್ತಾರೆ. 7 ಲಕ್ಷದ ಚಿತ್ರಕ್ಕೆ ಕಳೆದುಕೊಳ್ಳಲು ಹೆಚ್ಚೇನೂ ಇರಲಿಲ್ಲ, ಅದರ ಧೈರ್ಯದಲ್ಲಿ ಬಡತನಕ್ಕೂ ಒಂದು ಪಾಲಿದೆ. ಹಾಗಾಗಿ ಮೂರನೆಯ ಪ್ರಶ್ನೆ ಕಾಯ್ದೆಗಿಂತ ಹೆಚ್ಚಾಗಿ, ಲಾಭದ ಲೆಕ್ಕವಿಲ್ಲದೆ ಹೊಸಬರ ಕೈಗೆ ಸಣ್ಣ ಮೊತ್ತ ಕೊಟ್ಟು ಸುಮ್ಮನಿರುವ ಸಾರ್ವಜನಿಕ ಸಂಸ್ಥೆಗಳಿವೆಯೇ ಎಂಬ ಪ್ರಶ್ನೆ. ಚಿತ್ರ ಮತ್ತೆ ಹುಟ್ಟಲಾರದು ಎಂಬ ಕಾರಣಕ್ಕೆ ಅದು ಶ್ರೇಷ್ಠವಾಗುವುದಿಲ್ಲ ಎಂಬುದನ್ನೂ ಅಭಿಮಾನಿಗಳು ನೆನಪಿಡಬೇಕು.

ಕೊನೆಯ ಸನ್ನೆ ಯಾರ ಸ್ವತ್ತು

ಈ ಚರ್ಚೆ ಈಗ ಹಳೆಯ ನೆನಪಿನ ಮಾತಾಗಿ ಉಳಿದಿಲ್ಲ, ಏಕೆಂದರೆ ಹಳೆಯ ಚಿತ್ರಗಳ ಮರುಬಿಡುಗಡೆ ವ್ಯಾಪಾರವಾಗಿದೆ. 1994ರಲ್ಲಿ ಸೋತು ಆಮೇಲೆ ಆರಾಧನೆಗೆ ಒಳಗಾದ ‘ಅಂದಾಜ್ ಅಪ್ನಾ ಅಪ್ನಾ’ 2025ರ ಏಪ್ರಿಲ್‌ನಲ್ಲಿ ಚಿತ್ರಮಂದಿರಕ್ಕೆ ಮರಳಿತು. ಅದೇ ವರ್ಷದ ಆಗಸ್ಟ್‌ನಲ್ಲಿ ‘ರಾಂಝಣಾ’ದ ತಮಿಳು ಆವೃತ್ತಿ ಮರುಬಿಡುಗಡೆಯಾದಾಗ, ಮೂಲದಲ್ಲಿ ಸಾಯುವ ನಾಯಕ ಕೃತಕ ಬುದ್ಧಿಮತ್ತೆಯ ನೆರವಿನಿಂದ ಬದುಕಿಬಿಟ್ಟಿದ್ದ. ನಿರ್ದೇಶಕ ಆನಂದ್ ಎಲ್. ರಾಯ್ ಮತ್ತು ನಟ ಧನುಷ್ ಬಹಿರಂಗವಾಗಿ ವಿರೋಧಿಸಿದರೂ ಹಕ್ಕು ಹೊಂದಿದ್ದ ಕಂಪನಿ ಬಿಡುಗಡೆ ಮಾಡಿಯೇಬಿಟ್ಟಿತು. ತುರ್ತುಪರಿಸ್ಥಿತಿಯ ಕಾಲದಲ್ಲಿ ಬದಲಾಯಿಸಬೇಕಾಗಿ ಬಂದಿದ್ದ ‘ಶೋಲೆ’ಯ ಕೊನೆಯನ್ನು ಮೂಲದಂತೆ ಸರಿಪಡಿಸಿದ ಪ್ರತಿಯೂ ಅದೇ ವರ್ಷ ಹೊರಬಂತು. ಒಂದೇ ವರ್ಷದಲ್ಲಿ ಒಂದು ಚಿತ್ರಕ್ಕೆ ಅದರ ಕೊನೆ ಮರಳಿ ಸಿಕ್ಕಿತು, ಇನ್ನೊಂದು ಚಿತ್ರ ತನ್ನ ಕೊನೆಯನ್ನು ಕಳೆದುಕೊಂಡಿತು.

ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಚಲನಚಿತ್ರದ ಕರ್ತೃ ನಿರ್ಮಾಪಕ. ಕೃತಿಯನ್ನು ವಿಕಾರಗೊಳಿಸುವುದನ್ನು ಆಕ್ಷೇಪಿಸುವ ವಿಶೇಷ ಹಕ್ಕನ್ನು 57ನೇ ಸೆಕ್ಷನ್ ಕರ್ತೃವಿಗೆ ಕೊಡುತ್ತದೆ, ಹಾಗಾಗಿ ನಿರ್ದೇಶಕನ ಕಾಲಡಿಯ ನೆಲ ಗಟ್ಟಿಯಾಗಿಲ್ಲ. ‘ಜಾನೇ ಭೀ ದೋ ಯಾರೋ’ದ ನಿರ್ಮಾಪಕ ಸರ್ಕಾರಿ ನಿಗಮವೇ ಆದ್ದರಿಂದ ಸದ್ಯಕ್ಕೆ ಅಂಥ ಅಪಾಯ ಕಾಣುವುದಿಲ್ಲ. ನಿಗಮವೇ ಪ್ರತಿಯನ್ನು ಡಿಜಿಟಲ್ ಆಗಿ ಶುಚಿಗೊಳಿಸಿ 2012ರಲ್ಲಿ ಮತ್ತೆ ಬಿಡುಗಡೆ ಮಾಡಿತ್ತು, ಕೊನೆಯನ್ನು ಮುಟ್ಟಿರಲಿಲ್ಲ. ಬಿಡುಗಡೆಯಾದ ಮರುವರ್ಷದಿಂದ 60 ವರ್ಷದ ಲೆಕ್ಕ ಹಿಡಿದರೆ ಅದರ ಕೃತಿಸ್ವಾಮ್ಯ 2043ರ ಡಿಸೆಂಬರ್‌ವರೆಗೆ ಇರುತ್ತದೆ. ಆಮೇಲೆ ವಿನೋದ್ ಮತ್ತು ಸುಧೀರ್ ಅವರನ್ನು ಬಿಡುಗಡೆ ಮಾಡಿಸಿ ತರ್ನೇಜಾನನ್ನು ಜೈಲಿಗೆ ಕಳಿಸಲು ಯಾರ ಅನುಮತಿಯೂ ಬೇಕಾಗುವುದಿಲ್ಲ. ಅಷ್ಟರವರೆಗೂ ಕಾಯದೆ ಚಿತ್ರದ ಕೊನೆ ಈಗಾಗಲೇ ಕಣ್ಮರೆಯಾಗುತ್ತಿರುವುದು ಮೊಬೈಲ್ ತುಣುಕುಗಳಲ್ಲಿ. ಹತ್ತು ಜನ ಹಂಚಿಕೊಳ್ಳುವ ದ್ರೌಪದಿಯ ದೃಶ್ಯ ‘ಏನಾಗುತ್ತಿದೆ ಇಲ್ಲಿ’ ಎಂಬ ಧೃತರಾಷ್ಟ್ರನ ಮಾತಿಗೆ ಮುಗಿಯುತ್ತದೆ, ಕತ್ತಿನ ಮೇಲೆ ಆಡುವ ಆ ಕೈ ಅದರಲ್ಲಿ ಇರುವುದಿಲ್ಲ.